ರಾಜನ ಪಕ್ಕದ ಕುರ್ಚಿ

ಸುರಪುರದ ರಾಜಾ ವೆಂಕಟಪ್ಪ ನಾಯಕನ ಪಾರ್ಟು ಮಾಡುವವನ ಕೈಯಲ್ಲಿ ಏನಿರಬೇಕು? ತಿಂಥಣಿಯ ಹುಡುಗರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಕತ್ತಿ. ಅದೂ ಬಾಡಿಗೆ ಡ್ರೆಸ್ಸಿನವರು ಕೊಡುವ ಮಾಸಿದ ತಗಡಿನದಲ್ಲ, ಲೈಟು ಬಿದ್ದರೆ ಹಿಂದೆ ಕೂತವರ ಕಣ್ಣಿಗೂ ಹೊಡೆಯುವಂಥದ್ದು. ನಾಟಕ ಬರೆಯಲು ಕೂತಿದ್ದ ಕನ್ನಡ ಮಾಸ್ತರರಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಕತ್ತಿ ಎಲ್ಲ ರಾಜರಿಗೂ ಇರುತ್ತದೆ, ಇವನಿಗೇ ಅಂತ ಇದ್ದದ್ದು ಏನು ಹೇಳ್ರಪ್ಪ ಎಂದು ಕೇಳಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಾದಗಿರಿ ಇನ್ನೂ ಜಿಲ್ಲೆಯಾಗದ ಕಾಲ ಅದು. 2009ರ ಡಿಸೆಂಬರ್ ಕೊನೆಯವರೆಗೆ ಸುರಪುರ, ಶಹಾಪುರ, ಯಾದಗಿರಿ ಎಲ್ಲವೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಮಾಸ್ತರರು ಈಗ ನಿವೃತ್ತರು. ಆ ದಿನಗಳನ್ನು ನೆನೆದಾಗ ಅವರಿಗೆ ಮೊದಲು ನೆನಪಾಗುವುದು ನಾಟಕ ನಡೆದ ರಾತ್ರಿಯಲ್ಲ, ಅದಕ್ಕೂ ಮುಂಚೆ ತಿಂಗಳುಗಟ್ಟಲೆ ನಡೆದ ಈ ವಾದ. ಸತ್ತು ನೂರೈವತ್ತು ವರ್ಷವಾಗುತ್ತ ಬಂದ ಒಬ್ಬ ತರುಣ ರಾಜನನ್ನು ಯಾವ ವಸ್ತುವಿನಿಂದ ಗುರುತಿಸಬೇಕು ಎಂಬ ವಾದ.

ತಿಂಥಣಿ ಕೃಷ್ಣೆಯ ದಂಡೆಯ ಊರು. ಹೊಳೆ ದಾಟಿದರೆ ರಾಯಚೂರು ಜಿಲ್ಲೆ. ದಾಟಿಸುವ ಸೇತುವೆಗೆ ಜನ ಇಟ್ಟ ಹೆಸರು ತಿಂಥಣಿ ಬ್ರಿಜ್, ಕಂಡಕ್ಟರ್ ಕೂಗುವುದೂ ಹಾಗೆಯೇ. ಊರಿನ ಹೆಸರು ದೂರ ಹೋದದ್ದು ಮೌನೇಶ್ವರನಿಂದ. ವಿಶ್ವಕರ್ಮರ ಮನೆಯಲ್ಲಿ ಹುಟ್ಟಿ ವಚನ ಬರೆದ ಈ ಸಂತನನ್ನು ಜನ ಮೌನಪ್ಪಯ್ಯ ಎನ್ನುತ್ತಾರೆ. ಅವನ ಜಾತ್ರೆಯಲ್ಲಿ ಹಾಕುವ ಜಯಘೋಷದಲ್ಲಿ ಪೀರನ ಹೆಸರೂ ಹರಹರ ಮಹಾದೇವ ಎಂಬುದೂ ಒಂದೇ ಉಸಿರಿನಲ್ಲಿ ಬರುತ್ತವೆ; ಕೂಗುವವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ವಿಂಗಡಿಸಲು ಹೋದವನಿಗೆ ಕೆಲಸ ಕೆಡುತ್ತದೆ. ಜಾತ್ರೆ ಬೀಳುವುದು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ. ಸುರಪುರದ ಬೇಡರು ಕುಂಪಣಿಯ ಫೌಜಿನ ಎದುರು ನಿಂತದ್ದೂ ಫೆಬ್ರುವರಿಯಲ್ಲೇ, 1858ರಲ್ಲಿ. ಈ ಕೂಡುವಿಕೆಯೇ ಮಾಸ್ತರರನ್ನು ನಾಟಕಕ್ಕೆ ಹಚ್ಚಿತು. ಜಾತ್ರೆಗೆ ಬರುವ ಜನಕ್ಕೆ ಪ್ರತಿ ವರ್ಷ ಅದೇ ಗೌಡ, ಅದೇ ಬಡ ರೈತ, ಅದೇ ಕುಡುಕ ಅಳಿಯನ ಸಾಮಾಜಿಕ ನಾಟಕ ತೋರಿಸುವ ಬದಲು ಹದಿನೈದಿಪ್ಪತ್ತು ಕಿಲೋಮೀಟರ್ ಆಚೆಯ ಗುಡ್ಡದಲ್ಲಿ ನಡೆದದ್ದನ್ನೇ ತೋರಿಸಿದರೆ ಹೇಗೆ?

ಕತೆ ಎಲ್ಲರಿಗೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಅದರ ಎರಡು ತುದಿ: ಬೇಡರು ಶೂರರು, ರಾಜ ಹುತಾತ್ಮ. ಶೂರರು ಎಂಬುದಕ್ಕೆ ಸಾಕ್ಷಿಗೆ ಬರವಿಲ್ಲ. 1705ರಲ್ಲಿ ಔರಂಗಜೇಬ ಮುದಿವಯಸ್ಸಿನಲ್ಲಿ ತಾನೇ ಬಂದು ನಿಂತು ಹಾಕಿದ ಕೊನೆಯ ಮುತ್ತಿಗೆ ಇಲ್ಲಿಯ ವಾಗಿನಗೇರಾ ಕೋಟೆಯದು. ನಡುವಿನ ಭಾಗಕ್ಕೆ ಮಾತ್ರ ಮಾಸ್ತರರು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆಯ ಮೊರೆ ಹೋಗಬೇಕಾಯಿತು. 1876ರಲ್ಲಿ ಆತ ತೀರಿಕೊಂಡ ಮರುವರ್ಷ ಅಚ್ಚಾದ ಪುಸ್ತಕ ಅದು. ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಇಂಡಿಯಾಕ್ಕೆ ಬಂದು, ನಿಜಾಮನ ಫೌಜಿನಲ್ಲಿ ನೌಕರಿ ಹಿಡಿದವನು. ಠಕ್ಕರ ಬಗ್ಗೆ 1839ರಲ್ಲಿ ಬರೆದ ಕಾದಂಬರಿ ಅವನಿಗೆ ಲಂಡನ್ನಿನಲ್ಲಿ ಹೆಸರು ತಂದಿತ್ತು. 1841ರಲ್ಲಿ ಸುರಪುರದ ವ್ಯವಹಾರ ನೋಡಿಕೊಳ್ಳಲು ಅವನನ್ನು ಕಳಿಸಿದರು. ಆ ದಿನಗಳಲ್ಲೇ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ಸಣ್ಣವನು, ಏಳರ ಆಸುಪಾಸು. ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕ ಇನ್ನೊಂದು ಕಡೆ. ನಡುವೆ ಹುಡುಗನ ಪಾಲಕನಾಗಿ ಈ ಬಿಳಿಯ.

ಹುಡುಗ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಟೇಲರ್ ಇದನ್ನು ಸಂತೋಷದಿಂದ, ತುಸು ಹೆಮ್ಮೆಯಿಂದಲೂ ಬರೆದುಕೊಂಡಿದ್ದಾನೆ. ಗುಡ್ಡದ ಮೇಲೆ ಆತ ಕಟ್ಟಿಸಿಕೊಂಡ ಬಂಗಲೆ ಇವತ್ತಿಗೂ ಟೇಲರ್ ಮಂಜಿಲ್. ಈಗ ಹಕ್ಕಿಗಳಿಗೆ ಹೆಸರಾದ ಬೋನಾಳ ಕೆರೆಯನ್ನು ಹಿಗ್ಗಿಸಿದವನೂ ಅವನೇ, ರಾಜನಕೊಳೂರಿನ ಬೃಹತ್ ಶಿಲಾಯುಗದ ಗೋರಿಕಲ್ಲುಗಳನ್ನು ಅಳೆದು ಲೋಕಕ್ಕೆ ತಿಳಿಸಿದವನೂ ಅವನೇ. ಸುರಪುರದಲ್ಲಿ ಟೇಲರನ ಬಗ್ಗೆ ಜನ ಕೆಟ್ಟದಾಗಿ ಮಾತಾಡುವುದು ಕಡಿಮೆ. ನಾಟಕಕಾರನಿಗೆ ಇದೊಂದು ತೊಡಕು. ಖಳನಾಯಕ ಇಷ್ಟು ಒಳ್ಳೆಯವನಾದರೆ ಜಗಳ ಹುಟ್ಟಿಸುವುದು ಎಲ್ಲಿಂದ?

1853ರಲ್ಲಿ ರಾಜನಿಗೆ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗದ ಕಡೆ ಹೋದ. ನಾಲ್ಕೈದು ವರ್ಷಗಳಲ್ಲಿ ಖಜಾನೆ ಬರಿದಾಗಿ ಸಾಲ ಬೆಳೆಯಿತು. ಉತ್ತರದಿಂದ ದಂಗೆಯ ಸುದ್ದಿ, ಅದರ ಬೆನ್ನಿಗೆ ದೂತರು ಬಂದರು. ರಾಜನನ್ನು ವಿಚಾರಿಸಲು ಹೈದರಾಬಾದಿನ ರೆಸಿಡೆಂಟ್ ಕ್ಯಾಂಪ್‌ಬೆಲ್ ಎಂಬ ಕ್ಯಾಪ್ಟನ್‌ನನ್ನು ಕಳಿಸಿದ. ಕೊನೆಗೆ ಲಿಂಗಸುಗೂರಿನಿಂದ ಫೌಜು ಬಂತು. ಗುಡ್ಡಗಳ ನಡುವಿನ ಅದರ ಬಿಡಾರದ ಮೇಲೆ ಬೇಡರ ರಾತ್ರಿ ದಾಳಿ ಆಯಿತು, ಮರುದಿನದ ಕಾಳಗದಲ್ಲಿ ಫೌಜಿನ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ರಾತ್ರೋರಾತ್ರಿ ಕೆಲವೇ ಕುದುರೆಗಳೊಂದಿಗೆ ಹೈದರಾಬಾದಿಗೆ ಹೋದ. ಅಲ್ಲಿ ಸಿಕ್ಕಿಬಿದ್ದ, ನಿಜಾಮನ ದಿವಾನ ಸಾಲಾರ್ ಜಂಗ್ ಮೂಲಕ ರೆಸಿಡೆಂಟನ ಕೈ ಸೇರಿದ. ಮರಣದಂಡನೆ ವಿಧಿಸಿದರು. ಅದನ್ನು ಇಳಿಸಿ ಜೀವಾವಧಿ ಗಡೀಪಾರು ಮಾಡಿದರು. ಅದನ್ನೂ ಇಳಿಸಿ, ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದರು. ನಡತೆ ಚೆನ್ನಾಗಿದ್ದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು. ಚೆಂಗಲ್ಪಟ್ಟಿನ ದಾರಿಯಲ್ಲಿ, ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ.

ಶಿಕ್ಷೆ ಇಳಿಯುತ್ತಾ ಇಳಿಯುತ್ತಾ ಬಂದು, ಬದುಕುವ ದಾರಿ ಕಂಡ ಮೇಲೆ ಸಾವು. ಮಾಸ್ತರರು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ರುದ್ರನಾಟಕದ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆದುಕೊಂಡಿದ್ದರು. ಇಷ್ಟು ಸಿದ್ಧವಾಗಿ ಕೈಗೆ ಬಂದ ರುದ್ರಕಥೆ ಅವರು ಗ್ರೀಕರಲ್ಲೂ ಓದಿರಲಿಲ್ಲ.

ಇನ್ನು ಸಂಕೇತದ ಮಾತು. ನಾಟಕಕ್ಕೆ ಸಂಕೇತ ಬೇಕು ಎಂದದ್ದೇ ತಡ, ಹುಡುಗರಲ್ಲಿ ಒಬ್ಬ, ಅಂದರ ಚಿಹ್ನಿ ಏನ್ರೀ ಸರ್, ಎಲೆಕ್ಷನ್‌ದಾಗ ಇರತೈತಲ್ಲ ಅದು, ಎಂದ. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ, ಹೋಲಿಕೆ ತಪ್ಪೇನಲ್ಲ ಎಂದರು. ಓದಲು ಬರದವನೂ ನೋಡಿದ ಕೂಡಲೇ ಇಂಥವನದು ಎನ್ನಬೇಕು.

ಮಹಾಭಾರತದ ಕವಿಗೆ ಈ ಕೆಲಸ ಗೊತ್ತಿತ್ತು. ದ್ರೋಣಪರ್ವದಲ್ಲಿ ರಥಗಳ ಬಾವುಟಗಳದೇ ಒಂದು ವರ್ಣನೆ ಇದೆ. ಅರ್ಜುನನದು ಕಪಿ, ಅಶ್ವತ್ಥಾಮನದು ಸಿಂಹದ ಬಾಲ, ದ್ರೋಣನದು ಯಜ್ಞವೇದಿ, ಶಲ್ಯನದು ನೇಗಿಲ ಗೆರೆ. ಕರ್ಣನದು ಆನೆಯ ಹೊಟ್ಟೆಗೆ ಬಿಗಿಯುವ ಪಟ್ಟಿ. ಮಾಸ್ತರರಿಗೆ ಈ ಪಟ್ಟಿ ಬಹಳ ಹಿಡಿಸಿತು. ಆನೆಯಲ್ಲ, ಆನೆಯನ್ನು ಇನ್ನೊಬ್ಬರ ಸೇವೆಗೆ ಕಟ್ಟಿ ನಿಲ್ಲಿಸುವ ವಸ್ತು. ದುರ್ಯೋಧನನ ಋಣದಲ್ಲಿ ಕಟ್ಟಿಹೋದ ಕರ್ಣನಿಗೆ ಇದಕ್ಕಿಂತ ಸರಿಯಾದದ್ದು ಬೇರೆ ಇಲ್ಲ ಎಂಬುದು ಅವರ ಅಭಿಪ್ರಾಯ. ಆದರೆ ಜನ ಆ ಬಾವುಟವನ್ನು ನೆನಪಿಟ್ಟುಕೊಳ್ಳಲಿಲ್ಲ. ಕರ್ಣ ಎಂದರೆ ಬಯಲಾಟ ನೋಡಿದ ಯಾರಿಗಾದರೂ ಹೊಳೆಯುವುದು ಕವಚ ಮತ್ತು ಕುಂಡಲ. ಮೈಯಿಂದಲೇ ಕೊಯ್ದು ಕೊಟ್ಟದ್ದು, ಕೊಟ್ಟದ್ದರಿಂದಲೇ ಸತ್ತದ್ದು. ಕವಿ ಬಾವುಟದ ಮೇಲೆ ಬರೆದದ್ದನ್ನು ಬಿಟ್ಟು ಜನ ಮೈಮೇಲಿನದನ್ನು ಆರಿಸಿಕೊಂಡರು.

ರನ್ನನ ದುರ್ಯೋಧನನಿಗೆ ಗದೆ. ಕಾವ್ಯದ ಹೆಸರೇ ಗದಾಯುದ್ಧ. ಜೀವಮಾನವೆಲ್ಲ ಯಾವುದನ್ನು ಅಭ್ಯಾಸ ಮಾಡಿದನೋ ಅದೇ ಆಯುಧ ಅವನ ತೊಡೆ ಮುರಿಯಿತು. ಕುವೆಂಪು 1947ರ ನಾಟಕದಲ್ಲಿ ಏಕಲವ್ಯನ ಬೆರಳನ್ನು ಹೆಸರಿಗೇ ತಂದರು. ತಿಂಥಣಿಯಲ್ಲಿ ಈ ಮಾತು ಬಂದಾಗ ಬೇಡರ ಹುಡುಗರು ಕಿವಿ ನೆಟ್ಟಗೆ ಮಾಡಿದರು. ಏಕಲವ್ಯ ಅವರಿಗೆ ಪುರಾಣದವನಲ್ಲ, ಮನೆಯವನು. ಗಿರೀಶ ಕಾರ್ನಾಡರ ತುಘಲಕನಿಗೆ (1964) ಚದುರಂಗ ಒಂದು ಕೈಯಲ್ಲಿ, ಪ್ರಾರ್ಥನೆ ಇನ್ನೊಂದು ಕೈಯಲ್ಲಿ; ಎರಡನೆಯದನ್ನು ಕೊಲೆಗೆ ಬಳಸಿದ್ದು ತಿಳಿದಾಗ ಮೊದಲನೆಯದರ ಅರ್ಥವೂ ಕಪ್ಪಾಗುತ್ತದೆ. ಚೆಕಾವ್ 1896ರಲ್ಲಿ ರಂಗಕ್ಕೆ ತಂದ 'ಸೀಗಲ್' ನಾಟಕದಲ್ಲಿ ಇನ್ನೂ ವಿಚಿತ್ರ. ಗುಂಡು ಹೊಡೆದ ಕಡಲಹಕ್ಕಿಯೊಂದನ್ನು ತಂದು ನೀನಾಳ ಕಾಲ ಬಳಿ ಇಡುತ್ತಾರೆ, ಬರಹಗಾರನೊಬ್ಬ ಅದನ್ನೇ ಅವಳ ಬದುಕಿನ ಕತೆಯಾಗಿ ಗುರುತು ಹಾಕಿಕೊಳ್ಳುತ್ತಾನೆ. ಕೊನೆಗೆ ಅವಳು ನಾನು ಆ ಹಕ್ಕಿ ಎನ್ನುತ್ತಾಳೆ, ಅಲ್ಲ ನಾನು ನಟಿ ಎಂದೂ ಅನ್ನುತ್ತಾಳೆ. ಹಣೆಗೆ ಹಚ್ಚಿದ್ದನ್ನು ಪಾತ್ರವೇ ಕಿತ್ತುಹಾಕುತ್ತದೆ. ತಾಲೀಮಿನ ಹುಡುಗರಿಗೆ ಇದು ಅಷ್ಟು ಹತ್ತಲಿಲ್ಲ. ಆದರೆ ಸಾಫೋಕ್ಲಿಸನ ಏಜಾಕ್ಸ್ ಹತ್ತಿತು. ಸೋತು ಮಾನ ಹೋದ ಆ ವೀರ ಕೊನೆಗೆ ಬೀಳುವುದು ತನ್ನ ಕತ್ತಿಯ ಮೇಲಲ್ಲ, ವೈರಿ ಹೆಕ್ಟರ್ ಕಾಣಿಕೆಯಾಗಿ ಕೊಟ್ಟ ಕತ್ತಿಯ ಮೇಲೆ. ಬಿ.ಎಂ.ಶ್ರೀ. ಆ ನಾಟಕವನ್ನೇ 1929ರಲ್ಲಿ ಅಶ್ವತ್ಥಾಮನಿಗೆ ಹೊಂದಿಸಿ ಬರೆದಾಗ, ಚಿರಂಜೀವಿಯನ್ನು ಸಾಯಿಸಬಹುದೇ ಎಂದು ಪಂಡಿತರು ಜಗಳ ತೆಗೆದರು.

ವೈರಿಯ ಆಯುಧ ಎಂದ ಕೂಡಲೇ ಪಿಸ್ತೂಲು ಎದ್ದು ಬಂತು. ಗುಂಪಿನ ಅರ್ಧ ಜನ ಕತ್ತಿ ಬಿಟ್ಟು ಪಿಸ್ತೂಲಿನ ಕಡೆ ಬಂದರು. ಪಟಾಕಿ ಅಂಗಡಿಯಲ್ಲಿ ಸಿಗುವ ಆಟದ ಪಿಸ್ತೂಲು ಸಾಕು, ಖರ್ಚೂ ಕಡಿಮೆ. ಅಷ್ಟರಲ್ಲಿ ಮಾಸ್ತರರೇ ಇನ್ನೊಂದು ವಸ್ತುವನ್ನು ಕಂಡುಕೊಂಡಿದ್ದರು, ಅದರ ಮೇಲೆ ಅವರಿಗೆ ಮೋಹವೇ ಹುಟ್ಟಿತ್ತು.

ಅದು ಜಾತಕ. ರಾಣಿ ಕಾಯಿಲೆ ಬಿದ್ದಾಗ ಟೇಲರನನ್ನು ಕರೆಸಿದಳಂತೆ. ಮಗನ ಜಾತಕದಲ್ಲಿ ಇಪ್ಪತ್ನಾಲ್ಕನೆಯ ವರ್ಷಕ್ಕೆ ಆಯುಷ್ಯ ಮುಗಿಯುತ್ತದೆ ಎಂದಿದೆ, ಇದು ತನಗೆ ಮತ್ತು ಶಾಸ್ತ್ರಿಗೆ ಬಿಟ್ಟರೆ ಯಾರಿಗೂ ತಿಳಿಯದು ಎಂದಳಂತೆ. ರಾಜ ಸತ್ತದ್ದು ಆ ವಯಸ್ಸಿನಲ್ಲೇ. ಸತ್ತ ಮೇಲೆ ಶಾಸ್ತ್ರಿ ಬಂದು, ನೆನಪಿದೆಯೇ ಸಾಹೇಬರೇ ಎಂದು ಟೇಲರನನ್ನು ಕೇಳಿದನಂತೆ. ಇದನ್ನೆಲ್ಲ ಆತ್ಮಕಥೆಯಲ್ಲಿ ಓದಿದ ಮೇಲೆ ಯಾವ ನಾಟಕಕಾರ ಬಿಟ್ಟಾನು? ಮೊದಲ ದೃಶ್ಯದಲ್ಲಿ ಪೆಟ್ಟಿಗೆಯಿಂದ ಸುರುಳಿ ಬಿಚ್ಚುವುದು, ಕೊನೆಯ ದೃಶ್ಯದಲ್ಲಿ ಸುತ್ತಿ ಇಡುವುದು. ಮಾಸ್ತರರು ಎರಡು ಅಂಕ ಬರೆದೂಬಿಟ್ಟರು.

ತಾಲೀಮು ನಡೆಯುತ್ತಿದ್ದದ್ದು ಸುಗ್ಗಿ ಮುಗಿದ ಮೇಲೆ, ಸಂಜೆ. ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಹೊಲ ಭತ್ತದ ಗದ್ದೆಯಾಗಿವೆ, ಹುಡುಗರಿಗೆ ಬಿಡುವು ಸಿಗುವ ಕಾಲವೂ ಬದಲಾಗಿದೆ. ಪೇಟಿ ಮಾಸ್ತರ ಬರುವ ಮೊದಲು ಮಾತಿನ ಭಾಗ ಓದಿಸುತ್ತಿದ್ದರು. ಒಂದು ಸಂಜೆ ಜಾತಕದ ದೃಶ್ಯ ಓದಿ ಮುಗಿಸಿದಾಗ, ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಒಬ್ಬ ಹಿರಿಯರು, ಹುಡುಗರೆಲ್ಲ ಕಾಕಾ ಎನ್ನುತ್ತಿದ್ದವರು, ತಂಬಾಕು ತಿಕ್ಕುತ್ತಾ ಕೇಳಿದರು:

"ಹಂಗಾದ್ರ ಮಾಸ್ತರ, ಎಲ್ಲಾ ಜಾತಕದಾಗ ಇತ್ತಂದ್ರ ಕುಂಪಣಿಯವರದೇನು ತಪ್ಪು?"

"ಕುಂಪಣಿ ನೆಪ ಅಷ್ಟ ಕಾಕಾ," ಎಂದ ರಾಜನ ಪಾರ್ಟಿನವನು.

"ನೆಪ ಅಂತೀಯೇನಪಾ? ಫೌಜು ಬಂದದ್ದು ನೆಪಾ? ಮತ್ತ ಇಷ್ಟ್ಯಾಕ ನಾಟಕ ಮಾಡ್ತೀರಿ, ಭಟ್ಟರಿಂದ ಪಂಚಾಂಗ ಓದಸ್ರಿ."

ಮಾಸ್ತರರು ಅವತ್ತು ಮನೆಗೆ ಹೋಗಿ ಟೇಲರನ ಪುಟಗಳನ್ನು ಮತ್ತೆ ತೆಗೆದರು. ಜಾತಕದ ಕತೆ ಅಚ್ಚಾದದ್ದು ಎಲ್ಲ ಮುಗಿದು ಹತ್ತೊಂಬತ್ತು ವರ್ಷದ ಮೇಲೆ. ಬರೆದವನು ಯಾರು? ಹುಡುಗನನ್ನು ಬೆಳೆಸಿದವನು. ತಾನು ಬೆಳೆಸಿದ ಹುಡುಗ ತನ್ನವರ ವಿರುದ್ಧವೇ ತಿರುಗಿ ಸತ್ತದ್ದಕ್ಕೆ ಒಬ್ಬ ಪಾಲಕನಿಗೆ ಕಾರಣ ಬೇಕು. ಗ್ರಹಗಳು ಕಾರಣವಾದರೆ ಪಾಲಕ ಉಳಿದುಕೊಂಡ, ರೆಸಿಡೆಂಟ್ ಉಳಿದುಕೊಂಡ, ಪಟ್ಟಕ್ಕೆ ಒಪ್ಪಿಗೆ ಕೊಡಲು ನಜರಾಣೆ ಕೇಳಿ ಸಂಸ್ಥಾನವನ್ನು ಸಾಲಕ್ಕೆ ನೂಕಿದ ನಿಜಾಮನೂ ಉಳಿದುಕೊಂಡ. ಟೇಲರ್ ಇದನ್ನು ಲೆಕ್ಕ ಹಾಕಿ ಬರೆದ ಎಂದು ಮಾಸ್ತರರು ಹೇಳುವುದಿಲ್ಲ. ಅವನ ದುಃಖ ನಿಜವಾದದ್ದು ಎಂದೇ ಅವರ ನಂಬಿಕೆ. ಹೈದರಾಬಾದಿನ ಸೆರೆಯಲ್ಲಿ ರಾಜನನ್ನು ನೋಡಲು ಹೋದ ಪುಟಗಳನ್ನು ಕಲ್ಲುಮನಸ್ಸಿನವನು ಬರೆಯಲಾರ. ಆದರೆ ದುಃಖಪಡುವವನು ಆರಿಸಿಕೊಂಡ ಸಂಕೇತವನ್ನು ಸತ್ತವನ ಸಂಕೇತ ಎಂದು ಇನ್ನೊಬ್ಬ ಕಣ್ಣುಮುಚ್ಚಿ ಎತ್ತಿಕೊಳ್ಳಬಾರದು.

ಪಿಸ್ತೂಲನ್ನೂ ಅದೇ ಒರೆಗೆ ಹಚ್ಚಿದರು. ಪಿಸ್ತೂಲು ರಾಜನ ಕೈಯಲ್ಲಿದ್ದರೆ ತಪ್ಪು ರಾಜನದು: ದುಡುಕಿದ, ಸತ್ತ. ಕತ್ತಿ ಇದ್ದರೆ ಯಾರ ತಪ್ಪೂ ಇಲ್ಲ, ಶೌರ್ಯ ಮಾತ್ರ ಉಳಿಯುತ್ತದೆ. ಜನ ಚಪ್ಪಾಳೆ ತಟ್ಟಿ ಮಿರ್ಚಿ ಭಜಿ ತಿನ್ನಲು ಹೋಗುತ್ತಾರೆ. ಪಾತ್ರದ ಪಕ್ಕಕ್ಕೆ ಯಾವ ವಸ್ತು ಇಡುತ್ತೇವೋ ಅದರ ಮೇಲೆ ಅಪರಾಧಿ ಯಾರು ಎಂಬುದು ನಿಂತಿದೆ. ಇಷ್ಟು ಹೊಳೆದ ಮೇಲೆ ಮಾಸ್ತರರ ಹುಡುಕಾಟ ಬೇರೆ ಆಯಿತು. ಸಿಂಹ, ಸೂರ್ಯ, ಗ್ರಹಣ, ಮುರಿದ ಕೊಂಬೆ ಮುಂತಾದ ಕವಿಗೋಷ್ಠಿಯ ಸಾಮಾನುಗಳನ್ನು ಅವರು ಅದಾಗಲೇ ಕೈಬಿಟ್ಟಿದ್ದರು. ರಾಜನ ಬದುಕಿನೊಳಗೆ ನಿಜವಾಗಿ ಇದ್ದ, ಎಲ್ಲರ ಕೈಗುರುತೂ ಬಿದ್ದಿರುವ ವಸ್ತು ಬೇಕಿತ್ತು.

ಅದು ಕಣ್ಣೆದುರಿನ ಪುಟದಲ್ಲೇ ಇತ್ತು. ರಾಜನ ಸಾವನ್ನು ಟೇಲರ್ ವಿವರಿಸುವುದು ಕಾವಲಿನ ಅಧಿಕಾರಿಯ ಮಾತನ್ನು ನಂಬಿ. ಬಿಡಾರ ಹೂಡಿದ ಮೇಲೆ ಅಧಿಕಾರಿ ಸೊಂಟದ ಬೆಲ್ಟು ಬಿಚ್ಚಿದ. ಗುಂಡು ತುಂಬಿದ ರಿವಾಲ್ವರ್ ಅದರಲ್ಲೇ ಇತ್ತು. ಬೆಲ್ಟನ್ನು ಕುರ್ಚಿಗೆ ತೂಗುಹಾಕಿ ಮುಖ ತೊಳೆಯಲು ಡೇರೆಯ ಹೊರಗೆ ಹೋದ. ಗುಂಡಿನ ಸದ್ದು ಕೇಳಿ ಓಡಿ ಬಂದಾಗ ರಾಜ ಸತ್ತು ಬಿದ್ದಿದ್ದ. ತಾನೇ ಹೊಡೆದುಕೊಂಡನೋ, ಕೈತಪ್ಪಿ ಹಾರಿತೋ, ಬೇರೇನಾದರೂ ನಡೆಯಿತೋ. ಡೇರೆಯೊಳಗೆ ಸಾಕ್ಷಿ ಇರಲಿಲ್ಲ. ಕುರ್ಚಿ ಇತ್ತು.

ಸುರಪುರದ ದರ್ಬಾರಿನಲ್ಲಿ ರಾಜನದು ಗಾದಿ, ನೆಲದ ಮೇಲಿನ ಹಾಸು. ಕುರ್ಚಿ ಬಂದದ್ದು ಬಿಳಿಯರ ಜೊತೆ. ಗಾದಿಯ ಮೇಲೆ ಏಳು ವರ್ಷದ ಹುಡುಗ, ಪಕ್ಕದಲ್ಲಿ ಎತ್ತರಕ್ಕೆ ಕುರ್ಚಿಯಲ್ಲಿ ಪಾಲಕ: ಈ ಚಿತ್ರ ಮಾಸ್ತರರಿಗೆ ತಟ್ಟನೆ ಕಂಡಿತು. ನಾಟಕದುದ್ದಕ್ಕೂ ಒಂದೇ ಕುರ್ಚಿ. ಕೂಡುವವರು ಬದಲಾಗುತ್ತಾರೆ. ಮೊದಲು ಟೇಲರ್. 1853ರಲ್ಲಿ ಅವನು ಎದ್ದು ಹೋದ ಮೇಲೆ ಕುರ್ಚಿ ಖಾಲಿ. ರಾಜ ಅದರ ಸುತ್ತ ತಿರುಗುತ್ತಾನೆ, ಕೂತು ನೋಡುತ್ತಾನೆ, ಕಾಲು ನೆಲಕ್ಕೆ ಸರಿಯಾಗಿ ತಾಗದವನಂತೆ ಎದ್ದುಬಿಡುತ್ತಾನೆ. ಆಮೇಲೆ ಸಾಲ ಕೊಟ್ಟ ಸಾವುಕಾರ ಬಂದು ಕೂಡುತ್ತಾನೆ. ಆಮೇಲೆ ಕ್ಯಾಂಪ್‌ಬೆಲ್. ಆಮೇಲೆ ಶಿಕ್ಷೆ ಓದುವವನು. ಕೊನೆಗೆ ಯಾರೂ ಇಲ್ಲ, ಬೆನ್ನಿಗೆ ಬೆಲ್ಟು.

ಹುಡುಗರಿಗೆ ಹೇಳಿದಾಗ ಗಲಾಟೆಯಾಯಿತು. ಕುರ್ಚಿ ಎಂದರೆ ಜನ ವಿಧಾನಸೌಧ ಎನ್ನುತ್ತಾರೆ, ನಗುತ್ತಾರೆ ಎಂದರು. ಅದೂ ಸುಳ್ಳಲ್ಲ, ನಮ್ಮಲ್ಲಿ ಪತ್ರಿಕೆಯ ವ್ಯಂಗ್ಯಚಿತ್ರಕಾರರು ಕುರ್ಚಿಯನ್ನು ದುಡಿಸಿ ದುಡಿಸಿ ಸುಸ್ತು ಮಾಡಿದ್ದಾರೆ. ರಾಜನ ಪಾರ್ಟಿನವನ ಸಂಕಟ ಬೇರೆ. ಅವನು ಪಾರ್ಟಿಗಾಗಿ ಪಟ್ಟಿ ಕೊಟ್ಟಿದ್ದ, ಮೀಸೆ ಬಿಟ್ಟಿದ್ದ, ಅವನಿಗೆ ಕತ್ತಿ ಝಳಪಿಸುವ ಒಂದು ಸೀನಾದರೂ ಬೇಕೇ ಬೇಕು. ಮಾಸ್ತರರು ರಾಜಿಯಾದರು. ಕಾಳಗದ ದೃಶ್ಯದಲ್ಲಿ ಕತ್ತಿ ಇರಲಿ, ಹೈದರಾಬಾದಿನಲ್ಲಿ ಸಿಕ್ಕಿಬಿದ್ದ ಮೇಲೆ ಅದನ್ನು ತಂದು ಕುರ್ಚಿಯ ಮೇಲೆ ಇಡಬೇಕು. ಊರ ಶಾಲೆಯಿಂದ ಬೆತ್ತ ಹೆಣೆದ ಹಳೆಯ ಕುರ್ಚಿಯೊಂದನ್ನು ಎರವಲು ತಂದರು. ಒಂದು ಕೈ ಸಡಿಲಾಗಿತ್ತು, ಬಡಗಿಗೆ ಹೇಳಿ ಬೆಣೆ ಹೊಡೆಸಿದರು. ಜಾತಕದ ದೃಶ್ಯ ಪೂರ್ತಿ ತೆಗೆಯಲಿಲ್ಲ. ನಾಟಕದ ನಡುಭಾಗಕ್ಕೆ ಸರಿಸಿ, ಅರ್ಧಕ್ಕಿಂತ ಕಡಿಮೆ ಮಾಡಿದರು. ರಾಣಿಯ ಪಾರ್ಟಿಗೆ ಹೊರಗಿನಿಂದ ಕರೆಸಿದ ಕಲಾವಿದೆ ಈಗಾಗಲೇ ಆ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು ಎಂಬುದೂ ಅದಕ್ಕೊಂದು ಕಾರಣ.

ಜಾತ್ರೆಯ ರಾತ್ರಿ ಕುರ್ಚಿ ತನ್ನ ಕೆಲಸ ಮಾಡಿತು ಎಂದು ಮಾಸ್ತರರು ಹೇಳುತ್ತಾರೆ, ಆದರೆ ಪೂರ್ತಿ ಗೆಲುವಿನ ದನಿಯಲ್ಲಿ ಅಲ್ಲ. ಸಾವುಕಾರ ಬಂದು ಕೂತಾಗ ನಗು ಬಂತು, ಹುಡುಗರು ಹೆದರಿದ್ದ ನಗುವೇ. ಕ್ಯಾಂಪ್‌ಬೆಲ್ ಕೂತಾಗ ಮುಂದಿನ ಸಾಲಿನಿಂದ ಒಬ್ಬ, ಏಳಲೇ ಮಗನ, ನಿಮ್ಮಪ್ಪನ ಮನಿ ಏನು, ಎಂದು ಕೂಗಿದ. ಶಿಕ್ಷೆ ಓದುವ ಹೊತ್ತಿಗೆ ಯಾರೂ ನಗಲಿಲ್ಲ. ರಾಜ ತನ್ನನ್ನು ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಕೇಳಿದ್ದು ಟೇಲರನ ಪುಸ್ತಕದಲ್ಲೇ ಇದೆ. ಆ ಮಾತನ್ನು ಹುಡುಗ ಕುರ್ಚಿಯ ಕಡೆ ಬೆನ್ನು ಹಾಕಿ ಹೇಳಿದ. ಹಾಗೆ ನಿಲ್ಲಲು ಅವನಿಗೆ ಯಾರೂ ಕಲಿಸಿರಲಿಲ್ಲ. ಕೊನೆಯ ಗುಂಡು ಮಾತ್ರ ಕೈಕೊಟ್ಟಿತು. ಪರದೆಯ ಹಿಂದೆ ಇಟ್ಟ ಪಟಾಕಿ ಥಂಡಿಗೆ ಮೆತ್ತಗಾಗಿ ಹಾರಲೇ ಇಲ್ಲ, ತಬಲಾದವನು ಸಮಯಕ್ಕೆ ಸರಿಯಾಗಿ ಒಂದು ಹೊಡೆತ ಹೊಡೆದು ಮಾನ ಉಳಿಸಿದ.

ಹೆಂಗಸರು ಅತ್ತದ್ದು ಇದಾವುದಕ್ಕೂ ಅಲ್ಲ. ಅತ್ತದ್ದು ಮಾಸ್ತರರು ಕತ್ತರಿಸಿ ಸಣ್ಣದು ಮಾಡಿದ್ದ ಜಾತಕದ ದೃಶ್ಯಕ್ಕೆ.

ಮರುದಿನ ಬೆಳಿಗ್ಗೆ ಗುಡಿಯ ಹತ್ತಿರ ಬಳೆ ಅಂಗಡಿಯ ಎದುರು ಒಬ್ಬ ಮುದುಕಿ ಅವರನ್ನು ನಿಲ್ಲಿಸಿದಳು. "ಯಪ್ಪಾ, ಆ ತಾಯಿ ಮಗ ಸಾಯೋ ವರ್ಷ ಗೊತ್ತಿದ್ದೂ ಅಷ್ಟು ವರ್ಷ ಹೆಂಗ ಉಂಡಾಳ, ಹೆಂಗ ಮಲಗ್ಯಾಳ?" ಎಂದು ಕೇಳಿದಳು. ಉತ್ತರ ಬೇಕಾಗಿ ಕೇಳಿದ್ದಲ್ಲ. ಆದರೆ ಮಾಸ್ತರರ ತಲೆಯಲ್ಲಿ ಜಾತಕ ಇನ್ನೊಂದು ಮಗ್ಗುಲಿಗೆ ತಿರುಗಿತು. ಅವರು ಅದನ್ನು ವಿಧಿಯ ಪರವಾದ ಸಾಕ್ಷಿ ಎಂದು ಓದಿ ಬದಿಗೆ ಸರಿಸಿದ್ದರು. ಈಕೆ ಅದನ್ನು ರಾಜನ ಕೈಯಿಂದ ತೆಗೆದು ರಾಣಿಯ ಮಡಿಲಿಗೆ ಹಾಕಿದ್ದಳು. ಅಲ್ಲಿ ಗ್ರಹ ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಇಲ್ಲ. ನಂಬಿದ ಒಬ್ಬ ತಾಯಿ ಇದ್ದಾಳೆ, ಅವಳು ದಿನ ಎಣಿಸುತ್ತಿದ್ದಾಳೆ. ಟೇಲರ್ ಈಶ್ವರಮ್ಮನನ್ನು ತನ್ನ ಪುಸ್ತಕದಲ್ಲಿ ಹಟಮಾರಿ, ದುಂದುಗಾರ್ತಿ ಎಂಬ ಬಣ್ಣದಲ್ಲಿ ಚಿತ್ರಿಸಿದ್ದಾನೆ. ಮಾಸ್ತರರೂ ಬಹುಮಟ್ಟಿಗೆ ಅದೇ ಬಣ್ಣ ಬಳಸಿದ್ದರು. ದಿನ ಎಣಿಸುವ ಹೆಂಗಸು ಮಗನಿಗೆ ಬೇಕೆಂದದ್ದನ್ನೆಲ್ಲ ಕೊಟ್ಟು ಹಾಳು ಮಾಡಿದ್ದರೆ, ಖಜಾನೆಯ ಕಡೆ ನೋಡದೆ ಹೋಗಿದ್ದರೆ, ಅದಕ್ಕೆ ಬೇರೆಯೇ ಕಾರಣ ಇದ್ದಿರಬಹುದು. ದಾಖಲೆ ಇದನ್ನು ಹೇಳುವುದಿಲ್ಲ, ನಾಟಕ ಹೇಳಬಹುದು.

ಹಸ್ತಪ್ರತಿ ಆಮೇಲೆ ಬಹಳ ಬದಲಾಯಿತು. ರಾಣಿಗೆ ಮೂರು ಹೊಸ ಪ್ರವೇಶ ಬಂದವು, ಪೆಟ್ಟಿಗೆ ಅವಳ ಕೈಬಿಡದ ವಸ್ತುವಾಯಿತು. ಕುರ್ಚಿ ಉಳಿಯಿತು. ಒಬ್ಬ ದುರಂತ ನಾಯಕನಿಗೆ ಎರಡು ಸಂಕೇತ ಯಾಕೆ, ಒಂದಕ್ಕೊಂದು ಅಡ್ಡ ಬರುವುದಿಲ್ಲವೇ ಎಂದು ಸಾಹಿತ್ಯ ಬಲ್ಲ ಗೆಳೆಯರೊಬ್ಬರು ಆಕ್ಷೇಪಿಸಿದರು. ಬರುತ್ತವೆ, ಬರಲಿ ಎಂದರು ಮಾಸ್ತರರು. ಗಂಡಸರು ಕುರ್ಚಿ ನೋಡುತ್ತಾರೆ, ಹೆಂಗಸರು ಪೆಟ್ಟಿಗೆ ನೋಡುತ್ತಾರೆ ಎಂದು ಅವರು ತಮಾಷೆಗೆ ಅಂದದ್ದನ್ನು ಆ ಗೆಳೆಯರು ಗಂಭೀರವಾಗಿ ಎಲ್ಲೋ ಭಾಷಣದಲ್ಲಿ ಬಳಸಿಯೂಬಿಟ್ಟರು. ಸುರಪುರ ಸಂಸ್ಥಾನವನ್ನು 1860ರಲ್ಲಿ ನಿಜಾಮನಿಗೆ ಒಪ್ಪಿಸಿದ ಸಂಗತಿಯನ್ನು ಸಾರಥಿಯ ಬಾಯಲ್ಲಿ ಎರಡು ಮಾತಿನಲ್ಲಿ ಹೇಳಿಸಿ ಮುಗಿಸಿದರು. ಅದಕ್ಕೆ ಯಾವ ವಸ್ತುವೂ ಬೇಕಾಗಲಿಲ್ಲ.

ಒಂದು ದೃಶ್ಯ ಮಾತ್ರ ಇನ್ನೂ ಅವರಿಗೂ ಹುಡುಗರಿಗೂ ಜಗಳ ಹಚ್ಚುತ್ತದೆ. ಹೈದರಾಬಾದಿನ ಸೆರೆಯ ದೃಶ್ಯ. ಟೇಲರ್ ಒಳಗೆ ಬರುತ್ತಾನೆ, ರಾಜ ಅಪ್ಪಾ ಎಂದು ಅವನನ್ನು ತಬ್ಬಿಕೊಳ್ಳುತ್ತಾನೆ. ಅಲ್ಲಿ ಕುರ್ಚಿ ಇರಬೇಕೋ ಬೇಡವೋ? ಅವತ್ತಿನ ಹುಡುಗರು ಈಗ ಮಕ್ಕಳ ತಂದೆಯರು, ಜಾತ್ರೆಗೆ ಕೂಡಿದಾಗ ಈ ಮಾತು ಎತ್ತದೆ ಇರುವುದಿಲ್ಲ. ರಾಜನ ಪಾರ್ಟು ಮಾಡಿದವನು ಕುರ್ಚಿ ಇರಲೇಬೇಕು ಎನ್ನುತ್ತಾನೆ. ಅಳು ಮುಗಿದ ಮೇಲೆ ಸಾಹೇಬ ಹೋಗಿ ಅದರಲ್ಲೇ ಕೂಡುತ್ತಾನಲ್ಲ ಸರ್, ದಂಗಿಯೊಳಗ ಯಾರ್ಯಾರು ಇದ್ದಿರಿ ಹೆಸರು ಹೇಳು ಅಂತ ಕೇಳವರ ಕಡೆಯವನೇ ಅಲ್ಲೇನು ಅವನೂ ಎನ್ನುತ್ತಾನೆ. ಟೇಲರನ ಪಾರ್ಟು ಮಾಡಿದವನು ಒಪ್ಪುವುದಿಲ್ಲ. ನಾನು ಅವತ್ತು ಕೂತಿಲ್ಲ, ಅವನ ಜೊತಿ ನೆಲಕ್ಕ ಕುಸದೀನಿ, ಪುಸ್ತಕ ತಗಸ್ರಿ ಎಂದು ಹಟ ಹಿಡಿಯುತ್ತಾನೆ. ಮಾಸ್ತರರು ಹಸ್ತಪ್ರತಿಯಲ್ಲಿ ಆ ಜಾಗದ ರಂಗಸೂಚನೆಯನ್ನು ಪೆನ್ಸಿಲ್ಲಿನಲ್ಲೇ ಬರೆದಿಟ್ಟಿದ್ದಾರೆ.